ದೊರೆಯ ಹಸಿರು ಚಾದರ

ಟೆಲಿಫೋನ್ ಅಜ್ಜಿ ತೀರಿಕೊಂಡ ಸುದ್ದಿಯನ್ನು ಸಿಸ್ಟರ್‌ಗೆ ಯಾರೂ ಕರೆದು ಹೇಳಲಿಲ್ಲ. ಅವಳಿಗೆ ಅದು ತಿಳಿದದ್ದು ಒಂದು ಕಿರುಚಾಟದಿಂದ.

ಅಂದು ಅವಳ ವಾರದ ರಜೆ. ಡ್ಯೂಟಿಯಲ್ಲಿರುವ ನರ್ಸು ನಾಯಿಯನ್ನು ವಾರ್ಡಿಗೆ ತರುವ ಹಾಗಿರಲಿಲ್ಲ. ರಜೆಯ ದಿನ, ಮನೆಯ ಬಟ್ಟೆಯಲ್ಲಿ, ಕೇಳಿಕೊಂಡ ರೋಗಿಗಳ ಬಳಿಗೆ ಮಾತ್ರ ತರಬಹುದಿತ್ತು. ಆದ್ದರಿಂದ ಮಿಕ್ಕವರು ರಜೆಯ ನಿದ್ದೆ ಮುಗಿಸಿ ಏಳುವ ಹೊತ್ತಿಗೆ ಅವಳು ದೊರೆಗೆ ಸ್ನಾನ ಮಾಡಿಸಿ, ಮೈ ಬಾಚಿ, ಉಗುರು ಕತ್ತರಿಸಿ ಹೊರಟಿರುತ್ತಿದ್ದಳು. ದೊರೆ ಎಂದರೆ ಅವಳ ನಾಯಿ. ಕಂದು ಮೈ, ಒಂದು ಕಿವಿ ನೆಟ್ಟಗೆ, ಇನ್ನೊಂದು ಜೋತು. ಹುಟ್ಟಿದ್ದು ಬೀದಿಯಲ್ಲಾದರೂ ನಡಿಗೆಯಲ್ಲಿ ಹೆಸರಿಗೆ ಮೋಸ ಮಾಡಿರಲಿಲ್ಲ.

ಹೆಂಗಸರ ವಾರ್ಡಿನಲ್ಲಿ ಅಜ್ಜಿಯ ಏಳನೇ ಹಾಸಿಗೆಯ ಪರದೆ ಅರ್ಧ ಎಳೆದಿತ್ತು. ಕಾಲಿನ ಕಡೆ ಹಸಿರು ಚಾದರ ಹಾಸಿತ್ತು. ದೊರೆಗೆ ಅಷ್ಟು ಸಾಕು. ಹಸಿರು ಹಾಸಿದ ಜಾಗವೇ ಅವನ ಸಿಂಹಾಸನ, ಬಿಳಿ ಬಟ್ಟೆಯ ಮೇಲೆ ಅವನು ಒಂದು ಕಾಲನ್ನೂ ಇಡುತ್ತಿರಲಿಲ್ಲ. ಹಗ್ಗ ಸಡಿಲವಾದ ಕೂಡಲೇ ಹಾರಿ ಕುಳಿತ. ಪರಿಚಯದ ಕೈ ಹುಡುಕುತ್ತಾ ಹೊದಿಕೆಯೊಳಗೆ ಮೂಗು ತೂರಿಸಿದ.

"ಅಯ್ಯಯ್ಯೋ! ಯಾರಾದ್ರೂ ಬನ್ರೋ! ಹಾಸಿಗೆ ಮೇಲೆ ನಾಯಿ!"

ಆ ದನಿ ಅಜ್ಜಿಯದಾಗಿರಲಿಲ್ಲ. ಮುಖದ ಮೇಲಿನ ಹೊದಿಕೆ ಕಿತ್ತೆಸೆದು, ಹೊಟ್ಟೆಯ ಮೇಲಿನ ಬ್ಯಾಂಡೇಜನ್ನು ಎರಡೂ ಕೈಯಲ್ಲಿ ಒತ್ತಿಹಿಡಿದು ನಡುಗುತ್ತಿದ್ದವಳು ಯಾರೋ ಅಪರಿಚಿತ ಹೆಂಗಸು. ಸಿಸ್ಟರ್ ಒಂದೇ ಉಸಿರಿಗೆ ದೊರೆಯನ್ನು ಕೆಳಗಿಳಿಸಿದಳು. ಕ್ಷಮೆ ಕೇಳಿದಳು. ಆಮೇಲೆ ಎಂಟನೇ ಹಾಸಿಗೆ ನೋಡಿದಳು, ಆರನೆಯದು ನೋಡಿದಳು.

"ಅಜ್ಜಿ ಎಲ್ಲಿ?"

ಬಕೆಟ್ ಹಿಡಿದು ನಿಂತಿದ್ದ ಆಯಾ ತುಟಿ ಕಚ್ಚಿಕೊಂಡಳು. "ನಿನ್ನೆ ಸಂಜೆನೇ ಹೋದ್ರು ಸಿಸ್ಟರ್. ನೀವು ಮನೆಗೆ ಹೋದ ಸ್ವಲ್ಪ ಹೊತ್ತಿಗೆ. ಯಾರೂ ಫೋನ್ ಮಾಡ್ಲಿಲ್ವಾ ನಿಮಗೆ?"

ಯಾರೂ ಮಾಡಿರಲಿಲ್ಲ. ನರ್ಸು ಸತ್ತವರ ಬಂಧುವಲ್ಲವಲ್ಲ.

ಕಿರುಚಾಟ ಕೇಳಿ ಮೇಟ್ರನ್ ಬಂದರು. ಅವರು ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಸಿಸ್ಟರ್‌ಗೆ ಸುಲಭವಾಗುತ್ತಿತ್ತು. ಮೊದಲು ರೋಗಿಯ ಬ್ಯಾಂಡೇಜ್ ಬಿಚ್ಚಿ ನೋಡಿದರು, ಹೊಲಿಗೆ ಸರಿಯಿದೆಯೆಂದು ಖಾತ್ರಿ ಮಾಡಿಕೊಂಡರು, ಅವಳಿಗೆ ನೀರು ಕುಡಿಸಿದರು. ಆಮೇಲೆ ಸಿಸ್ಟರ್ ಕಡೆ ತಿರುಗಿದರು.

"ಹೊಲಿಗೆ ಬಿಚ್ಚಿಕೊಂಡಿದ್ರೆ ಏನ್ ಮಾಡ್ತಿದ್ದೆ?"

"ತಪ್ಪಾಯ್ತು ಮೇಡಂ."

"ಕೇಳದೆ ಇರೋರ ಹಾಸಿಗೆಗೆ ಆ ಹಸಿರು ಚಾದರ ಹಾಸಿದ್ದು ಯಾರು?"

ಯಾರೆಂದು ಸಿಸ್ಟರ್‌ಗೆ ಚೆನ್ನಾಗಿ ಗೊತ್ತಿತ್ತು. "ನಾನೇ," ಎಂದಳು.

"ಹಾಗಾದ್ರೆ ಕೇಳಿಸ್ಕೋ. ಇವತ್ತಿಂದ ಈ ನಾಯಿ ಈ ಕಟ್ಟಡದೊಳಗೆ ಕಾಲಿಡಬಾರದು. ವಾರ್ಡಿಗೂ ಇಲ್ಲ, ಕಾರಿಡಾರಿಗೂ ಇಲ್ಲ. ಮುಗೀತು."

ಸಿಸ್ಟರ್ ಅಳಲಿಲ್ಲ. ದೊರೆಯ ಹಗ್ಗವನ್ನು ಕೈಗೆ ಸುತ್ತಿಕೊಂಡು ಕೆಳಗಿಳಿದಳು. ಅವಳಿಗೆ ಆಗ ಇದ್ದದ್ದು ಒಂದೇ ಯೋಚನೆ. ಅಜ್ಜಿಗೆ ಅವಳು ಒಂದು ಮಾತು ಕೊಟ್ಟಿದ್ದಳು.

ಹಿಂದಿನ ತಿಂಗಳು ಉಸಿರು ಕಟ್ಟಿ ಒದ್ದಾಡಿ ಎದ್ದ ಮೇಲೆ ಅಜ್ಜಿ ಅವಳ ಕೈ ಹಿಡಿದು ಹೇಳಿದ್ದಳು: "ನೋಡು ಗಟ್ಟಿಗಿತ್ತಿ, ನಾನು ಹೋದ ಮೇಲೆ ನನ್ನ ಸಾಗಿಸೋಕ್ಕೆ ಮುಂಚೆ ದೊರೆ ಒಂದ್ಸಲ ನನ್ನ ಕೈ ಮೂಸಿ ನೋಡ್ಲಿ. ಇಲ್ಲಾಂದ್ರೆ ಬಂದಾಗೆಲ್ಲ ನನ್ನ ಹುಡುಕುತ್ತೆ. ತಣ್ಣಗಿರೋ ಕೈ ಮುಟ್ಟಿದ್ರೆ ಅದಕ್ಕೆ ಅರ್ಥ ಆಗುತ್ತೆ. ತಡವಾಗಿ ಅರ್ಥ ಆಗೋದು ಮನುಷ್ಯರಿಗೆ."

"ಅಪಶಕುನ ನುಡೀಬೇಡಿ."

"ಮಾತು ಕೊಡೇ."

ಕೊಟ್ಟಿದ್ದಳು. ಅಜ್ಜಿಯ ತಮ್ಮ ಮಧ್ಯಾಹ್ನದೊಳಗೆ ಗಾಡಿ ತರುತ್ತಾನೆಂದು ಆಯಾ ಹೇಳಿದ್ದಳು. ಗಾಡಿ ಹೊರಟರೆ ಮುಗಿಯಿತು. ಶವದ ಕೋಣೆಯೋ ನೆಲಮಹಡಿಯ ಕಾರಿಡಾರಿನ ಆ ತುದಿಯಲ್ಲಿತ್ತು.

ಅವಳ ಕಾಲು ತಾನಾಗಿಯೇ ಲಾಂಡ್ರಿಯ ಅಂಗಳಕ್ಕೆ ಹೋಯಿತು.

ಲಾಂಡ್ರಿಯ ಮೇಲ್ವಿಚಾರಕನಿಗೆ ಆಸ್ಪತ್ರೆಯೆಲ್ಲ ಇಟ್ಟ ಹೆಸರು ‘ಇಸ್ತ್ರಿ’. ಅವನ ಅಂಗಿಯಲ್ಲಿ ಒಂದು ಸುಕ್ಕನ್ನು ಕಂಡವರಿರಲಿಲ್ಲ. ಹೆಂಡತಿ ತೀರಿಕೊಂಡು ಬಹಳ ವರ್ಷಗಳಾದವನು. ಹೆಂಗಸರ ವಾರ್ಡಿಗೆ ಹೋದರೆ ತಲೆ ತಗ್ಗಿಸಿಕೊಂಡೇ ಓಡಾಡುವನು. ಹಾಸಿಗೆಯ ಕಾಲು ನೋಡಿ ನಂಬರು ಗುರುತಿಸುವನೇ ಹೊರತು ಮುಖ ನೋಡಿ ಅಲ್ಲ. ಅಂಥವನು ಒಂದು ದಿನ ಮುಷ್ಟಿ ಕಟ್ಟಿಕೊಂಡು ವಾರ್ಡಿಗೆ ಬಂದು ಸಿಸ್ಟರ್ ಮುಂದೆ ಮುಷ್ಟಿ ಬಿಚ್ಚಿದ್ದ. ಒಳಗೆ ಕಂದು ಕೂದಲಿನ ಉಂಡೆ.

"ಇದು ಯಾರದು?"

"ನನ್ನ ತಲೇದಂತೂ ಅಲ್ಲ," ಎಂದಿದ್ದಳು ಸಿಸ್ಟರ್.

"ಡ್ರೈಯರಿನ ಜಾಲರಿ ಕಟ್ಕೊಂಡು ಮೋಟಾರು ಸುಟ್ಟು ಹೋಗೋದ್ರಲ್ಲಿತ್ತು. ನಿಮ್ಮ ನಾಯಿ ಏನು, ಹಾಸಿಗೆ ಮೇಲೆ ಕೂತು ಕ್ಷೌರ ಮಾಡಿಸ್ಕೊಳ್ಳುತ್ತಾ?"

"ಅದಕ್ಕೆ ಹೆಸರಿದೆ. ದೊರೆ."

"ದೊರೆಗಳಿಗೆ ಹೇಳಿ, ಕೂದಲು ಅರಮನೇಲಿ ಉದುರಿಸ್ಲಿ."

ಅವಳಿಗೆ ಮೈ ಉರಿದಿತ್ತು. ಏಳನೇ ಹಾಸಿಗೆಯಿಂದ ಅಜ್ಜಿ ಗಟ್ಟಿಯಾಗಿ ನಕ್ಕಿದ್ದಳು. ಲಕ್ವ ಹೊಡೆದ ಮೇಲೆ ಅಜ್ಜಿಯ ಬಲಗೈ ಬೆರಳುಗಳು ಯಾರ ಮಾತನ್ನೂ ಕೇಳುತ್ತಿರಲಿಲ್ಲ, ವೈದ್ಯರ ಮಾತನ್ನೂ. ದೊರೆ ಜೋತುಕಿವಿಯನ್ನು ಆ ಕೈಯ ಕೆಳಗೆ ತಂದಿಟ್ಟಾಗ ಮಾತ್ರ ಮೆಲ್ಲಗೆ ಆಡುತ್ತಿದ್ದವು. ಅದನ್ನು ಇಸ್ತ್ರಿ ಅಂದು ನೋಡಿದ. ಮುಷ್ಟಿ ಮತ್ತೆ ಮುಚ್ಚಿದ. ಹೊರಟುಹೋದ.

ಮುಂದಿನ ವಾರ ಒಂದು ಹಸಿರು ಚಾದರ ತಂದುಕೊಟ್ಟ. ಆಪರೇಷನ್ ಕೋಣೆಯ ಹಳೆಯ ಬಟ್ಟೆ, ಅಂಚನ್ನು ತಾನೇ ಹೊಲಿದಿದ್ದ. "ಇದು ದೊರೆಗಳದ್ದು. ಇದರ ಮೇಲೇ ಕೂರ್ಲಿ. ಬೇರೆ ನೀರಲ್ಲಿ ನಾನೇ ಒಗೀತೀನಿ. ಯಾರು ಕೇಳಿರ್ತಾರೋ ಅವರ ಹಾಸಿಗೆಗೆ ನೀವು ಬರೋಕ್ಕೆ ಮುಂಚೆ ನಾನೇ ಹಾಸಿಡ್ತೀನಿ."

"ಅದು ನಿಮ್ಮ ಕೆಲಸ ಅಲ್ವಲ್ಲ?"

"ಅಲ್ಲ," ಎಂದ, ನೆಲ ನೋಡುತ್ತಾ.

ಅಂದಿನಿಂದ ಪ್ರತಿ ರಜೆಯ ದಿನ, ಭೇಟಿಯೆಲ್ಲ ಮುಗಿದ ಮೇಲೆ, ಒಗೆದು ಒಣಗಿದ ಚಾದರವನ್ನು ಇಬ್ಬರೂ ಸೇರಿ ಮಡಿಸುವುದು ರೂಢಿಯಾಯಿತು. ಒಬ್ಬನೇ ಮಡಿಸಲಾರನೆಂದಲ್ಲ. ದಿನಕ್ಕೆ ನೂರಾರು ಮಡಿಸುವವನು ಅವನು. ಆದರೂ "ಒಂದು ತುದಿ ಹಿಡೀರಿ ಸಿಸ್ಟರ್" ಎನ್ನುವನು. ಮೊದಲ ಮಡಿಕೆಗೆ ಇಬ್ಬರ ನಡುವೆ ಇಡೀ ಚಾದರದ ದೂರ. ಮುಂದಿನ ಮಡಿಕೆಗೆ ಅವನು ಎರಡು ಹೆಜ್ಜೆ ಮುಂದೆ, ಅವಳು ಎರಡು ಹೆಜ್ಜೆ. ಕೊನೆಯದಕ್ಕೆ ತುದಿಗೆ ತುದಿ ಸೇರಿ ಬೆರಳಿಗೆ ಬೆರಳು ತಾಗುವುದು. ಬಟ್ಟೆ ಇನ್ನೂ ಬಿಸಿಯಾಗಿರುತ್ತಿತ್ತು, ಸೋಪಿನ ವಾಸನೆ ಬರುತ್ತಿತ್ತು. ಆ ಗಳಿಗೆಯಲ್ಲಿ ಅವನು ತಲೆಯೆತ್ತುವನು, ಒಂದೇ ಒಂದು ಸಲ. ಅಷ್ಟು ನೋಡಿದ್ದಕ್ಕೇ ತಪ್ಪಾಯಿತೆನ್ನುವವನಂತೆ ಮತ್ತೆ ತಗ್ಗಿಸುವನು. ಮನೆಗೆ ನಡೆದು ಹೋಗುವಾಗ ದಾರಿಯುದ್ದಕ್ಕೂ ಅವಳ ಬೆರಳ ತುದಿ ಬೆಚ್ಚಗೇ ಇರುತ್ತಿತ್ತು.

ಮನೆಯಲ್ಲಿ ಅತ್ತಿಗೆ ಇದ್ದಳು. "ಗಂಡನ್ನ ಕಟ್ಕೋ ಅಂದ್ರೆ ನಾಯಿ ಕಟ್ಕೊಂಡ್ಲು ನಮ್ಮ ನಾದಿನಿ," ಎಂದು ಬಂದವರಿಗೆಲ್ಲ ಹೇಳಿ ನಗುತ್ತಿದ್ದಳು. ನಲವತ್ತು ದಾಟಿದವಳ ಎದೆಯಲ್ಲಿ ಇನ್ನೇನಿದ್ದೀತು ಎಂಬುದು ಅತ್ತಿಗೆಯ ಲೆಕ್ಕ.

ಅಜ್ಜಿಯ ಲೆಕ್ಕ ಬೇರೆ. ಬದುಕಿಡೀ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕುಳಿತು ಊರವರ ಮಾತನ್ನು ಊರವರಿಗೆ ದಾಟಿಸಿದವಳು ಅವಳು. "ನೋಡೇ," ಎನ್ನುತ್ತಿದ್ದಳು, "ಆ ಕಡೆಯಿಂದ ಗಂಟೆ ಹೊಡ್ಕೋತಾ ಇದೆ, ಈ ಕಡೆ ನೀನು ಎತ್ತುತ್ತಾ ಇಲ್ಲ. ನಂಗೆ ಇಂಥದ್ದು ಕಂಡ್ರೆ ಕೈ ತುರಿಸುತ್ತೆ."

"ಅವರು ನನ್ನ ಸಿಸ್ಟರ್ ಅಂತಾರೆ ಅಜ್ಜಿ."

"ಆಸ್ಪತ್ರೇಲಿ ಎಲ್ರೂ ಅನ್ನೋದು ಅದನ್ನೇ. ಆದ್ರೆ ಅವನು ಅನ್ನುವಾಗ ನಾಲಗೆ ತಡವರಿಸುತ್ತಲ್ಲ, ಅದನ್ನ ಕೇಳಿಸ್ಕೊಂಡಿದ್ದೀಯಾ?"

ಅಂಥ ಅಜ್ಜಿ ಈಗ ಇರಲಿಲ್ಲ.

ಇಸ್ತ್ರಿ ಹಬೆಯ ನಡುವಿಂದ ಹೊರಗೆ ಬಂದ. ಅವಳ ಮುಖ ನೋಡಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟ. ಅಜ್ಜಿ ಹೋದದ್ದು, ಮೇಟ್ರನ್ ದೊರೆಯನ್ನು ತಡೆದದ್ದು, ತಾನು ಕೊಟ್ಟಿದ್ದ ಮಾತು, ಎಲ್ಲ ಹೇಳಿದಳು. ಅವನು ಗೋಡೆಗೆ ಕೈಕೊಟ್ಟು ನಿಂತ.

"ಬೆಳಗ್ಗೆ ಒಂದು ಚೀಲ ಬಂತು," ಎಂದ ಕೊನೆಗೆ. "ತೀರಿಕೊಂಡವರ ಬಟ್ಟೆ ಬೇರೆ ಚೀಲದಲ್ಲಿ ಬರುತ್ತೆ. ಯಾರದು ಅಂತ ಅದರ ಮೇಲೆ ಇರಲ್ಲ. ಯಾರೋ ಪಾಪ ಅಂದ್ಕೊಂಡು, ಕೈಮುಗಿದು, ನೀರಿಗೆ ಹಾಕ್ದೆ. ಆಮೇಲೆ ಮೇಲೆ ಹೋಗಿ ಅಜ್ಜಿ ಹಾಸಿಗೆಗೇ ಚಾದರ ಹಾಸಿ ಬಂದೆ. ಮುಸುಕು ಹಾಕ್ಕೊಂಡು ಮಲಗಿದ್ರು. ಒಂದ್ಸಲ ತಲೆಯೆತ್ತಿ ನೋಡಿದ್ರೆ ಆಗ್ತಿತ್ತು."

"ನೀವು ನೋಡೋರಲ್ಲ ಬಿಡಿ."

"ಮೇಟ್ರನ್‌ಗೆ ಈಗಲೇ ಹೇಳ್ತೀನಿ. ಹಾಸಿದ್ದು ನಾನು ಅಂತ."

"ಬೇಡ. ನಾನು ಹಾಸಿದೆ ಅಂತ ಹೇಳಾಯ್ತು."

ಅವನು ಬೆಚ್ಚಿದ. "ಯಾಕೆ?"

"ನಾಯಿ ನನ್ನದು."

"ತಪ್ಪು ನನ್ನದಲ್ವಾ?"

"ವಾರ್ಡಿನ ಕೆಲಸಕ್ಕೆ ನೀವು ಕೈ ಹಾಕಿದ್ದು ಗೊತ್ತಾದ್ರೆ ನಿಮಗೂ ತೊಂದರೆ. ಒಬ್ಬರಿಗೆ ಸಾಕು."

"ಹಾಗೆ ಹಂಚೋಕೆ ನಿಮಗೆ ಹೇಳಿದ್ದು ಯಾರು?" ಅವನ ದನಿ ಏರಿತು. ಅವನ ದನಿ ಏರಿದ್ದನ್ನು ಅವಳು ಮೊದಲ ಸಲ ಕೇಳಿದ್ದು. ದೊರೆ ಕೂಡ ನಿಂತ ಕಿವಿಯನ್ನು ಅವನ ಕಡೆ ತಿರುಗಿಸಿದ.

ಆಮೇಲೆ ಅವನು ಮೂಲೆಯಲ್ಲಿದ್ದ ದೊಡ್ಡ ತಳ್ಳುಗಾಡಿಯ ಕಡೆ ನೋಡಿದ. "ಇದರಲ್ಲಿ ಮಲಗಿಸಿ ಮೇಲೆ ಬಟ್ಟೆ ಹೊದಿಸಿದ್ರೆ ಶವದ ಕೋಣೆವರೆಗೂ ಯಾರಿಗೂ ಗೊತ್ತಾಗಲ್ಲ. ನಾನೇ ತಳ್ಳಿಕೊಂಡು ಹೋಗ್ತೀನಿ. ದೊರೆ ಸುಮ್ನಿರುತ್ತೆ."

ಸಿಸ್ಟರ್ ಗಾಡಿಯನ್ನು ನೋಡಿದಳು, ನಾಯಿಯನ್ನು ನೋಡಿದಳು.

"ಇಲ್ಲ," ಎಂದಳು. "ಕಸದ ಹಾಗೆ ಮುಚ್ಚಿಕೊಂಡು ಹೋಗಲ್ಲ. ಅಜ್ಜಿ ಕೈಯಲ್ಲಿ ಜೀವ ಆಡಿಸಿದ ಪ್ರಾಣಿ ಇದು. ಕಾರಿಡಾರ್ ನಡುವೆ ನಡೆಸಿಕೊಂಡೇ ಹೋಗ್ತೀನಿ. ವಾರ್ಡಿಗೆ ಬೇಡ ಅಂದ್ರೆ ವಾರ್ಡಿಗೆ ತರಲ್ಲ, ಅಲ್ಲಿ ಮೇಡಂ ಹೇಳಿದ್ದು ನ್ಯಾಯ. ಆದ್ರೆ ಹೋದವರನ್ನ ಬೀಳ್ಕೊಡೋಕೆ ಬೇಡ ಅನ್ನೋ ಅಧಿಕಾರ ಯಾರಿಗೂ ಇಲ್ಲ. ಏನು ಶಿಕ್ಷೆ ಕೊಡ್ತಾರೋ ಕೊಡ್ಲಿ."

"ಕೆಲಸಕ್ಕೆ ಸಂಚಕಾರ ಬಂದ್ರೆ?"

"ಬರ್ಲಿ. ಸೂಜಿ ಚುಚ್ಚೋಕೆ ಬರೋ ಕೈಗೆ ಎಲ್ಲಾದ್ರೂ ಕೆಲಸ ಸಿಗುತ್ತೆ. ಕೊಟ್ಟ ಮಾತು ಬೇರೆ ಎಲ್ಲೂ ಸಿಗಲ್ಲ."

ಅವಳು ಹೊರಟಳು. ಹತ್ತು ಹೆಜ್ಜೆ ಹೋಗುವುದರೊಳಗೆ ಪಕ್ಕದಲ್ಲಿ ಇನ್ನೊಂದು ಜೊತೆ ಚಪ್ಪಲಿಯ ಸದ್ದು. ತಿರುಗಿ ನೋಡಿದಳು. ಇಸ್ತ್ರಿ ಏಪ್ರನ್ ಬಿಚ್ಚಿಟ್ಟು, ಕೈ ಒರೆಸಿಕೊಳ್ಳುತ್ತಾ ಬರುತ್ತಿದ್ದ. ಹಬೆಯಲ್ಲಿ ನೆನೆದ ಅವನ ಅಂಗಿ ಮೈಗಂಟಿ ಎಲ್ಲ ಕಡೆ ಸುಕ್ಕಾಗಿತ್ತು.

"ನೀವ್ಯಾಕೆ?"

"ದೊರೆಗಳ ಹಿಂದೆ ಆಳುಗಳು ಬೇಡ್ವಾ?"

"ನಗಿಸಬೇಡಿ. ಅತ್ತುಬಿಡ್ತೀನಿ."

ಅದು ಹೊರಗಿನ ರೋಗಿಗಳು ಬರುವ ಹೊತ್ತು. ಕಾರಿಡಾರಿನ ಎರಡೂ ಕಡೆ ಬೆಂಚಿನಲ್ಲಿ ಜನ. ದೊರೆ ನಡುವೆ ನಡೆದ, ಒಂದು ಕಡೆ ಅವಳು, ಇನ್ನೊಂದು ಕಡೆ ಅವನು. "ನಾಯಿ ನೋಡ್ರೀ!" ಎಂದು ಯಾರೋ ಕಾಲೆತ್ತಿ ಬೆಂಚಿನ ಮೇಲಿಟ್ಟುಕೊಂಡರು. ಔಷಧದ ಕಿಟಕಿಯವನು ತಲೆ ಹೊರಗೆ ಹಾಕಿ, "ಸಿಸ್ಟರ್, ಬೇಡ ಅಂದಿದ್ರಂತಲ್ಲ?" ಎಂದ. "ಅಂದಿದ್ರು," ಎಂದು ಹೇಳಿ ಅವಳು ನಡೆದಳು.

ಕಾರಿಡಾರಿನ ತಿರುವಿನಲ್ಲಿ ಮೇಟ್ರನ್ ನಿಂತಿದ್ದರು. ಸುದ್ದಿ ಇವರಿಬ್ಬರಿಗಿಂತ ಮೊದಲೇ ಅಲ್ಲಿಗೆ ಓಡಿತ್ತು.

"ನಾನು ಬೆಳಗ್ಗೆ ಏನು ಹೇಳ್ದೆ?"

"ಕಾಲಿಡಬಾರದು ಅಂದ್ರಿ ಮೇಡಂ."

"ಮತ್ತೆ?"

"ಇಟ್ಟಿದೆ."

ಸಿಸ್ಟರ್ ತಲೆ ತಗ್ಗಿಸಲಿಲ್ಲ. "ಅಜ್ಜಿಗೆ ಮಾತು ಕೊಟ್ಟಿದ್ದೆ. ಗಾಡಿ ಬರೋಕ್ಕೆ ಮುಂಚೆ ಇವನನ್ನ ಒಂದ್ಸಲ ಅವರ ಹತ್ತಿರ ಕರ್ಕೊಂಡು ಹೋಗ್ತೀನಿ. ಆಮೇಲೆ ನೀವು ಹೇಳೋವರೆಗೂ ಗೇಟಿನೊಳಗೂ ತರಲ್ಲ. ನನ್ನ ಮೇಲೆ ಬರೀಬೇಕು ಅಂದ್ರೆ ಬರೀರಿ. ಇವತ್ತು ವಾಪಸ್ ಹೋಗು ಅಂದ್ರೆ ಹೋಗಲ್ಲ."

"ನೀವೇನ್ರೀ ಇಲ್ಲಿ?" ಮೇಟ್ರನ್ ಇಸ್ತ್ರಿಯ ಕಡೆ ತಿರುಗಿದರು. "ಲಾಂಡ್ರಿಗೂ ಇದಕ್ಕೂ ಏನು ಸಂಬಂಧ?"

ಅವನು ಎಂದಿನ ಹಾಗೆ ನೆಲ ನೋಡುತ್ತಿದ್ದ. ಆಮೇಲೆ ತಲೆಯೆತ್ತಿದ. ನೆಟ್ಟಗೆ ಮೇಟ್ರನ್ ಮುಖವನ್ನೇ ನೋಡಿದ.

"ಆ ಚಾದರ ಹಾಸಿದ್ದು ನಾನು ಮೇಡಂ. ಇವರಲ್ಲ. ಮುಖ ನೋಡ್ದೆ ಹಾಸಿದೆ. ಇವರು ನನಗೋಸ್ಕರ ಸುಳ್ಳು ಹೇಳಿದ್ರು."

"ನಿಮಗೋಸ್ಕರ ಇವಳು ಯಾಕೆ ಸುಳ್ಳು ಹೇಳ್ಬೇಕು? ನೀವಿಬ್ಬರೂ ಒಬ್ಬರಿಗೊಬ್ಬರು ಏನು?"

"ಇನ್ನೂ ಏನೂ ಅಲ್ಲ," ಎಂದ. "ಕೇಳ್ಬೇಕು ಅಂತ ಇದ್ದೆ. ಪ್ರತಿ ವಾರ ಚಾದರ ಮಡಿಸುವಾಗ ಕೇಳೋಣ ಅಂದ್ಕೋತೀನಿ. ಅಷ್ಟರಲ್ಲಿ ಮಡಿಕೆ ಮುಗಿದುಹೋಗುತ್ತೆ."

ಬೆಂಚಿನಲ್ಲಿ ಯಾರೋ ಕೆಮ್ಮಿದಂತೆ ನಕ್ಕರು. ಸಿಸ್ಟರ್ ಮುಖ ಕೆಂಪಾಯಿತು. ಅಜ್ಜಿ ಅಲ್ಲಿ ತಣ್ಣಗೆ ಮಲಗಿರುವಾಗ ತನ್ನ ಎದೆ ಇಲ್ಲಿ ಹೀಗೆ ಹೊಡೆದುಕೊಳ್ಳುವುದು ತಪ್ಪಲ್ಲವೇ ಎನ್ನಿಸಿತು. ತಪ್ಪೆಂದರೆ ಅಜ್ಜಿಯೇ ಬೈಯುತ್ತಾಳೆ ಎಂದೂ ಅನ್ನಿಸಿತು.

"ಕೇಳೋಕೆ ಇದೇ ಜಾಗ ಸಿಕ್ತಾ ನಿಮಗೆ?" ಎಂದಳು.

"ಇಲ್ಲಿವರೆಗೆ ಒಳ್ಳೆ ಜಾಗಕ್ಕೆ ಕಾದಿದ್ದು ಸಾಕಾಯ್ತು. ಅಜ್ಜಿ ಇದ್ದಾಗಲೇ ಕೇಳಿದ್ರೆ ಅವರಾದ್ರೂ ಕೇಳಿಸ್ಕೊಂಡು ಹೋಗ್ತಿದ್ರು. ನನಗೂ ವಯಸ್ಸಾಯ್ತು, ನಿಮ್ಮಷ್ಟು ಧೈರ್ಯ ಇಲ್ಲ. ಆದ್ರೆ ನೀವು ನಡೆಯೋ ಕಡೆ ಪಕ್ಕದಲ್ಲಿ ನಡೀಬೇಕು ಅಂತ ಆಸೆ ಇದೆ. ಒಪ್ಪಿಗೆನಾ?"

ಅವನು ಈ ಸಲ ಕಣ್ಣು ತೆಗೆಯಲಿಲ್ಲ. ಇಷ್ಟು ದಿನ ಒಂದೊಂದೇ ಚಿಟಿಕೆ ಕೊಟ್ಟ ನೋಟವನ್ನೆಲ್ಲ ಒಟ್ಟಿಗೆ ಸುರಿದವನಂತೆ ನೋಡಿದ. ಆ ನೋಟವನ್ನು ಅವಳು ಅಷ್ಟೇ ಹೊತ್ತು ಹಿಡಿದಳು.

"ಒಪ್ಪಿಗೆ," ಎಂದಳು. "ಆದ್ರೆ ಇನ್ಮೇಲೆ ನೀವು ನನ್ನನ್ನ ಸಿಸ್ಟರ್ ಅನ್ನಕೂಡದು."

ಕಾರಿಡಾರ್ ಪೂರ್ತಿ ನಕ್ಕಿತು. ಮೇಟ್ರನ್ ಬಾಯಿ ಬಿಗಿಹಿಡಿದರು, ಬಿಗಿಹಿಡಿಯಲು ಅವರಿಗೆ ಕಷ್ಟವಾದದ್ದು ಎಲ್ಲರಿಗೂ ಕಂಡಿತು.

"ನೋಡಲಿಲ್ಲ ಅಂತ ನಾನು ಹೇಳಲ್ಲ," ಎಂದರು. "ನೋಡಿದ್ದೀನಿ. ಸಂಜೆ ಮೆಮೊ ಬರೀತೀನಿ."

"ಬರೀರಿ ಮೇಡಂ," ಎಂದ ಇಸ್ತ್ರಿ. "ಇಬ್ಬರ ಹೆಸರೂ ಒಂದೇ ಕಾಗದದಲ್ಲಿ ಬರೀರಿ. ಒಳ್ಳೇ ಶುರು."

ಮೇಟ್ರನ್ ಪಕ್ಕಕ್ಕೆ ಸರಿದರು. ಸಿಸ್ಟರ್ ಹಾದುಹೋಗುವಾಗ ಅವಳ ಕಿವಿಯಲ್ಲಿ, "ಬೇಗ ಹೋಗು. ಗಾಡಿ ಬಂದಾಗಿದೆ," ಎಂದರು.

ಶವದ ಕೋಣೆಯ ಬಾಗಿಲಲ್ಲಿ ಅಜ್ಜಿಯ ತಮ್ಮ ಊರುಗೋಲು ಹಿಡಿದು ನಿಂತಿದ್ದ. ತೆಳ್ಳಗಿನ ಮುದುಕ, ಅತ್ತು ಅತ್ತು ಕಣ್ಣು ಊದಿತ್ತು. ನಾಯಿಯನ್ನು ನೋಡಿ ಹುಬ್ಬು ಗಂಟಿಕ್ಕಿದ.

"ಇದೇನಮ್ಮಾ, ನಾಯಿ ಇಲ್ಲಿಗೆ?"

"ಇವನು ದೊರೆ. ಅಜ್ಜಿಗೆ ಗೊತ್ತಿದ್ದವನು."

ಮುದುಕನ ಬಾಯಿ ತೆರೆದುಕೊಂಡಿತು. "ದೊರೆ? ಇದಾ ದೊರೆ? ಅಕ್ಕ ಫೋನ್ ಮಾಡಿದಾಗೆಲ್ಲ, ಇವತ್ತು ದೊರೆ ಬಂದಿದ್ರು ಕಣೋ, ಹತ್ತಿರ ಕೂತಿದ್ರು ಅನ್ನೋಳು. ನಾನು ಯಾರೋ ದೊಡ್ಡ ಮನುಷ್ಯರು ಅಂದ್ಕೊಂಡಿದ್ದೆ! ಬಡವರ ವಾರ್ಡಿಗೆ ವಾರವಾರ ಬರ್ತಾರಲ್ಲ, ಎಂಥ ಪುಣ್ಯಾತ್ಮರು ಅಂತ ದಿನಾ ಕೈಮುಗೀತಿದ್ದೆ!"

ನಗುತ್ತಲೇ ಅವನಿಗೆ ಅಳು ಬಂತು. ಬಾಗಿಲಿನಿಂದ ಸರಿದು, "ಬನ್ನಿ ಸ್ವಾಮಿ, ಒಳಗೆ ಬನ್ನಿ," ಎಂದ. ನಾಯಿಗೇ ಹೇಳಿದ ಮಾತು ಅದು.

ಅಜ್ಜಿ ಬಿಳಿ ಬಟ್ಟೆಯಲ್ಲಿ ಮಲಗಿದ್ದಳು. ದೊರೆ ಹತ್ತಿರ ಹೋಗಿ ನಿಂತ, ಹಾರಲಿಲ್ಲ. ಸಿಸ್ಟರ್ ಅಜ್ಜಿಯ ಬಲಗೈಯನ್ನು ಅಂಚಿಗೆ ತಂದಿಟ್ಟಳು. ದೊರೆ ಮೂಸಿದ. ತುಂಬ ಹೊತ್ತು ಮೂಸಿದ. ಜೋತುಕಿವಿಯನ್ನು ಆ ಬೆರಳುಗಳ ಕೆಳಗೆ ತೂರಿಸಿ ಕಾದ. ಬೆರಳು ಆಡಲಿಲ್ಲ. ಅವನು ತಲೆ ತೆಗೆದು, ನೆಲದ ಮೇಲೆ ಮಲಗಿ, ಮುಂಗಾಲುಗಳ ಮೇಲೆ ಗಲ್ಲವಿಟ್ಟ. ಸಿಸ್ಟರ್ ಆಗ ಅತ್ತಳು, ಬೆಳಗಿನಿಂದ ಅಳದೆ ಉಳಿಸಿದ್ದನ್ನೆಲ್ಲ. ಇಸ್ತ್ರಿ ಅವಳ ಕೈ ಹಿಡಿದುಕೊಂಡ. ನಡುವೆ ಯಾವ ಬಟ್ಟೆಯೂ ಇರಲಿಲ್ಲ.

"ಎರಡು ಮಾತು ಪ್ರಾರ್ಥನೆ ಹೇಳಮ್ಮ," ಎಂದ ಮುದುಕ. "ನನ್ನ ಕೈಲಿ ಆಗ್ತಾ ಇಲ್ಲ."

ಅವಳು ಕಣ್ಣೊರೆಸಿಕೊಂಡಳು. ಕೈ ಬಿಡಿಸಿಕೊಳ್ಳದೆಯೇ ತಲೆ ಬಾಗಿಸಿದಳು.

"ದೇವರೇ, ಈ ತಾಯಿ ಬದುಕಿರೋವರೆಗೂ ಒಬ್ಬರ ಮಾತನ್ನ ಇನ್ನೊಬ್ಬರಿಗೆ ತಲುಪಿಸಿದಳು. ಈಗ ಅವಳೇ ನಿನ್ನ ಹತ್ತಿರ ಬರ್ತಾ ಇದ್ದಾಳೆ, ಕಾಯಿಸಬೇಡ. ನಿನ್ನ ಬಾಗಿಲಲ್ಲಿ ಇಂಥವರು ಒಳಗೆ ಬರಬಾರದು ಅಂತ ಎಲ್ಲಾದ್ರೂ ಬರೆದಿದ್ರೆ, ಅವಳು ನೋಡೋಕ್ಕೆ ಮುಂಚೆ ಅಳಿಸಿಬಿಡು. ಇಲ್ಲಾಂದ್ರೆ ನಿನ್ನ ಜೊತೆಗೂ ಜಗಳ ಆಡ್ತಾಳೆ, ಗೆಲ್ಲೋದೂ ಅವಳೇ. ಅವಳ ಉಸಿರಿನ ಕಷ್ಟ ತೆಗಿ. ಆ ಬಲಗೈಗೆ ಬಲ ಕೊಡು. ನಮ್ಮನ್ನ ಸೇರಿಸಿ ತಾನು ಹೊರಟುಹೋದ ಈ ಜೀವಕ್ಕೆ ನಿನ್ನ ಮಡಿಲಲ್ಲಿ ಶಾಂತಿ ಸಿಗಲಿ."